ಸೀಟಿಗಾಗಿ ಮೂರು ಸ್ಟೇಷನ್ ಉಲ್ಟಾ

ಭಾನುವಾರ ಸುಮ್ನೆ ಕೂತು ಒಂದು ಲೆಕ್ಕ ಹಾಕಿದೆ. ಹಾಕಬಾರದಿತ್ತು.

ಮನೆ ಕೆಂಗೇರಿ, ಆಫೀಸು ವೈಟ್‌ಫೀಲ್ಡ್ ಕಡೆಯ ಪಟ್ಟಂದೂರು ಅಗ್ರಹಾರ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರು ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಓಡಲು ಶುರುವಾದಾಗ ಬದುಕಿಕೊಂಡೆ ಅನ್ನಿಸಿತ್ತು. ಆದರೂ ನಡಿಗೆ, ಕಾಯುವುದು ಎಲ್ಲ ಸೇರಿ ಹೋಗಿಬರಲು ದಿನಕ್ಕೆ ಮೂರೂವರೆ ಗಂಟೆ. ಆಫೀಸಿನ ಹತ್ತಿರವೇ ಮನೆ ಮಾಡಿದರೆ ಅರ್ಧ ಗಂಟೆ ಸಾಕು. ತಿಂಗಳಿಗೆ 22 ದಿನ ಹಿಡಿದರೆ 66 ಗಂಟೆ ಉಳಿಯಿತು. ಬಾಡಿಗೆ ಮಾತ್ರ 12,000 ಜಾಸ್ತಿ. ಇದರಲ್ಲಿ ಮೆಟ್ರೋ ಖರ್ಚು ಕಳೆಯಬೇಕು, 2025ರ ಫೆಬ್ರವರಿಯಲ್ಲಿ ಅತಿ ಹೆಚ್ಚಿನ ದರ 60ರಿಂದ 90ಕ್ಕೆ ಹಾರಿದ ಮೇಲೆ ಅದೊಂದೇ ತಿಂಗಳಿಗೆ ಹತ್ತಿರ ಹತ್ತಿರ 4,000. ಅಂದರೆ 8,000 ಕೊಟ್ಟು 66 ಗಂಟೆ ಕೊಂಡ ಹಾಗೆ, ಗಂಟೆಗೆ 120 ಚಿಲ್ಲರೆ. ಆಫೀಸಿನವರು ನನ್ನ ಒಂದು ಗಂಟೆಗೆ ಕೊಡುವುದು 400. ಲೆಕ್ಕದ ಪ್ರಕಾರ ನಾಳೆಯೇ ಗಂಟುಮೂಟೆ ಕಟ್ಟಬೇಕು.

ಆದರೆ ಉಳಿದ 66 ಗಂಟೆಗೆ 400ರ ಹಾಗೆ ಯಾರೂ ಕೊಡುವುದಿಲ್ಲವಲ್ಲ! ಅಪರೂಪಕ್ಕೆ ಮನೆಯಿಂದಲೇ ಕೆಲಸ ಮಾಡಿದ ಒಂದು ಶುಕ್ರವಾರ ಆ ಮೂರು ಗಂಟೆ ಏನು ಮಾಡುತ್ತೇನೆ ಅಂತ ನೋಡಿಕೊಂಡೆ. ನಿದ್ದೆ, ಫೋನು, ಇನ್ನೊಂದು ಕಾಫಿ.

ಇನ್ನೊಂದು ವಿಷಯ, ಎಲ್ಲ ಗಂಟೆಗೂ ಒಂದೇ ರೇಟಲ್ಲ. ಬೆಳಿಗ್ಗೆ ಕೆಂಗೇರಿಯಲ್ಲಿ ಸೀಟು ಸಿಗುತ್ತದೆ, ಓದುತ್ತೇನೆ, ತೂಕಡಿಸುತ್ತೇನೆ, ಅದು ನನಗೆ ನಷ್ಟವೇ ಅಲ್ಲ. ಸಂಜೆಯದು ಬೇರೆ ಕಥೆ, ಬ್ಯಾಗು ಎದೆಗೆ ಅವುಚಿಕೊಂಡು ಮೆಜೆಸ್ಟಿಕ್‌ವರೆಗೂ ಒಂಟಿ ಕಾಲಲ್ಲಿ ನಿಲ್ಲಬೇಕು. ಅದಕ್ಕೇ ಈಗ ಪಟ್ಟಂದೂರಿನಿಂದ ಉಲ್ಟಾ ದಿಕ್ಕಿನ ರೈಲು ಹತ್ತಿ, ಮೂರು ಸ್ಟೇಷನ್ ಹಿಂದಕ್ಕೆ, ಕೊನೆಯ ಸ್ಟೇಷನ್ ವೈಟ್‌ಫೀಲ್ಡ್ (ಕಾಡುಗೋಡಿ)ಗೆ ಹೋಗಿ, ಅಲ್ಲಿಂದ ಖಾಲಿ ರೈಲಿನಲ್ಲಿ ಕೂತು ಬರುತ್ತೇನೆ. ಹೀಗೆ ಮಾಡುವವನು ನಾನೊಬ್ಬನೇ ಅಲ್ಲ, ದಿನಾ ಅವೇ ಮುಖಗಳು. ಬರೀ ಸೀಟಿಗಾಗಿ ಕಾಲು ಗಂಟೆ ಖುಷಿಯಿಂದ ಕಳೆಯುತ್ತೇವೆ ಅಂದರೆ ನಿಂತ ಗಂಟೆ ಎಷ್ಟು ದುಬಾರಿ ನೋಡಿ.

ಇದನ್ನೆಲ್ಲ ಹೆಂಡತಿಗೆ ಉತ್ಸಾಹದಿಂದ ವಿವರಿಸಿದೆ. ಅವಳ ಕೆಲಸ ಬನಶಂಕರಿಯಲ್ಲಿ. ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಎಸಿ ಬಸ್ಸು ಎದುರಿಗೇ ಹೋದರೂ ಬಿಟ್ಟು, ಸಾಮಾನ್ಯ ಬಸ್ಸಿಗೆ ಇಪ್ಪತ್ತು ನಿಮಿಷ ಕಾಯುತ್ತಾಳೆ.

"ನನ್ನ ಟಿಕೆಟ್ ಸೊನ್ನೆ, ಸರಿ. ನಾವು ವೈಟ್‌ಫೀಲ್ಡ್‌ಗೆ ಹೋದರೆ ನಾನು ಬನಶಂಕರಿಗೆ ಬರುವ ಗಂಟೆಗಳನ್ನು ಯಾವ ಕಾಲಮ್ಮಿನಲ್ಲಿ ಹಾಕಿದ್ದೀರಿ?"

ಹಾಕಿರಲಿಲ್ಲ.