ಸೊಪ್ಪಿನ ಬೆಟ್ಟ ಅಧ್ಯಯನಕ್ಕೆ ಹೊರಟವರು ಮೊದಲು ಹೊರೆ ತೂಗಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟವಿದ್ದಲ್ಲಿ ಸಾಮಾನ್ಯವಾಗಿ ಸೊಪ್ಪಿನ ಬೆಟ್ಟವೂ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡೂ, ಇರುತ್ತದೆ. ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟ ಎಂಬ ಸವಲತ್ತು ಬ್ರಿಟಿಷರ ಕಾಲದ್ದು. ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ಬೆಟ್ಟದಿಂದ ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ಅಡಿಕೆ ಬುಡಕ್ಕೆ. ಮನುಷ್ಯನಿಗೂ ಕಾಡಿಗೂ ಇರುವ ನಂಟನ್ನು ತಕ್ಕಡಿಗೆ ಹಾಕಿ ನೋಡಬಹುದಾದ ಜಾಗ ಇದು.

ಆದರೆ ಹೆಚ್ಚಿನವರು ತೂಗುವುದನ್ನೇ ಬಿಡುತ್ತಾರೆ. "ವರ್ಷಕ್ಕೆ ಎಷ್ಟು ಸೊಪ್ಪು ತರ್ತೀರಿ?" ಎಂದರೆ ಉತ್ತರ ಹೊರೆಯ ಲೆಕ್ಕದಲ್ಲಿ ಬರುತ್ತದೆ. ಹೊರೆ ಹೊರುವವರಿಗೆ ತಕ್ಕಂತೆ ಬದಲಾಗುತ್ತದೆ. ಹಸಿಸೊಪ್ಪಿನದು ಬೇರೆ, ದರಕಿನದು ಬೇರೆ. ಮನೆಗೆ ಹತ್ತಾದರೂ ಹೊರೆ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ. ಪ್ರತಿಯೊಂದರಿಂದ ಅರ್ಧ ಕಿಲೋ ತೆಗೆದು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಒಣತೂಕವನ್ನೇ ಬರೆದಿಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಎಲೆಗಂಟಿದ ನೀರೂ ಗೊಬ್ಬರದ ಲೆಕ್ಕಕ್ಕೆ ಸೇರುತ್ತದೆ. ಬೇಸಿಗೆಯಲ್ಲಿ ದರಕು ಗುಡಿಸುವಾಗ ಮತ್ತೊಮ್ಮೆ ಹೋಗಲೇಬೇಕು.

ಮರಗಳನ್ನು ಅಳೆಯಲು 20 ಮೀಟರ್ ಚೌಕ ಸಾಕು. ಟೇಪನ್ನು ನೆಲಕ್ಕೆ ತಾಗಿಸದೆ ಮಟ್ಟಸವಾಗಿ ಹಿಡಿಯಿರಿ: 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ ಎಳೆದ 20 ಮೀಟರ್ ನಕ್ಷೆಯಲ್ಲಿ 17 ಮೀಟರ್ ಚಿಲ್ಲರೆ. ಸುತ್ತಳತೆ 1.3 ಮೀಟರ್ ಎತ್ತರದಲ್ಲಿ. ಸೊಪ್ಪು ಕಡಿದು ಕಡಿದು ಅಲ್ಲೇ ಗಂಟು ಕಟ್ಟಿದ ಮತ್ತಿ, ಕಿಂದಳ ಮರಗಳನ್ನು ಗಂಟಿನಿಂದ ಮೇಲೆ ಅಳೆದು, ಎತ್ತರ ನಮೂದಿಸಿ. ಚೌಕದ ಮೂಲೆಗಳಲ್ಲಿ 2 ಮೀಟರ್ ಚೌಕ ಮಾಡಿ ಸಸಿ ಎಣಿಸಿ. ಇದು ಬೇಸರದ ಕೆಲಸ, ಆದರೆ ಬೆಟ್ಟದ ಮುಂದಿನ 50 ವರ್ಷ ಇರುವುದು ಈ ಸಸಿಗಳಲ್ಲೇ.

ಸುತ್ತಳತೆಯ ಪ್ರಕಾರ ಮರಗಳನ್ನು ಗುಂಪು ಮಾಡಿದಾಗ ದೊಡ್ಡವು ಇದ್ದು ನಡುವಿನವು ಕಾಣದಿದ್ದರೆ ಕೊಡಲಿಯನ್ನಷ್ಟೇ ದೂರಬೇಡಿ. ಹದವಾಗಿ ಸೊಪ್ಪು ಕಡಿದ ಮರ ಮತ್ತೆ ಚಿಗುರುತ್ತದೆ. ದರಕು ಗುಡಿಸುವಾಗ ಬೀಜ, ಎಳೆ ಸಸಿ ಎರಡೂ ಹೋಗುತ್ತವೆ. ಉಳಿದದ್ದನ್ನು ದನ ಮೇಯುತ್ತವೆ. ಹಾಗಾಗಿ ಗುಡಿಸುವ, ಗುಡಿಸದ ಬೆಟ್ಟಗಳೆರಡನ್ನೂ ಅಳೆಯದೆ ಕಾರಣ ಹೇಳುವಂತಿಲ್ಲ.

ಮಣ್ಣಿನಲ್ಲಿ ನೀರು ಎಷ್ಟು ಬೇಗ ಇಂಗುತ್ತದೆ ಎಂದು ನೋಡಲೂ ಒಂದು ಸುಲಭ ಪರೀಕ್ಷೆಯಿದೆ. 15 ಸೆಂಟಿಮೀಟರ್ ವ್ಯಾಸದ ಪೈಪಿನ ತುಂಡನ್ನು 5 ಸೆಂಟಿಮೀಟರ್ ಆಳಕ್ಕೆ ಬಡಿದು 450 ಮಿಲಿಲೀಟರ್ ನೀರು ಹೊಯ್ಯಿರಿ. ಅದು ಸುಮಾರು ಒಂದು ಇಂಚು ಮಳೆಗೆ ಸಮ. ಇಂಗಿದ ಮೇಲೆ ಅಷ್ಟೇ ನೀರು ಮತ್ತೆ ಹೊಯ್ದು, ಆ ಎರಡನೇ ಸಲ ಇಂಗಲು ಹಿಡಿದ ಸಮಯ ಬರೆದುಕೊಳ್ಳಿ. ಮೊದಲ ಸಲದ್ದು ಮಣ್ಣು ಎಷ್ಟು ಒಣಗಿತ್ತೆಂಬುದನ್ನೇ ಹೆಚ್ಚು ಹೇಳುತ್ತದೆ. ಪೈಪಿನ ಅಂಚಲ್ಲಿ ನೀರು ಸೋರಿದರೆ ಜಾಗ ಬದಲಿಸಿ.

ಮಾತುಕತೆಯನ್ನು ಜಗಲಿಯಲ್ಲಿ ಯಜಮಾನರೊಬ್ಬರ ಹತ್ತಿರವೇ ಮುಗಿಸಬೇಡಿ. ದರಕು ಗುಡಿಸುವ ಹೆಂಗಸರ, ಮರ ಹತ್ತಿ ಸೊಪ್ಪು ಕಡಿಯುವವರ ಜೊತೆ ಬೆಟ್ಟಕ್ಕೇ ನಡೆಯಿರಿ. ಒಂದೊಂದು ಮರ ತೋರಿಸಿ, "ಇದನ್ನು ಕಡೆಯದಾಗಿ ಕಡಿದದ್ದು ಯಾವ ವರ್ಷ?" ಎಂದು ಕೇಳಿ.