ಪಾದ ನೋಡಿ ಕಾಲ ಹೇಳಿದರು

"ಹುಣಸೆಹಣ್ಣು ಹಚ್ಚಿ ತಿಕ್ಕಿ ನೋಡೋ, ಫಳಫಳ ಅನ್ನತ್ತೆ."

ವಿಡಿಯೋ ಕಾಲ್‌ನಲ್ಲಿ ಅಮ್ಮ ಹೇಳಿದ ಮೊದಲ ಮಾತು ಅದು. ನನ್ನ ಅಂಗೈಯಲ್ಲಿ ಆರು ಸೆಂಟಿಮೀಟರಿನ ಒಂದು ಪುಟ್ಟ ಮೂರ್ತಿ ಇತ್ತು. ಮೈಯೆಲ್ಲ ಹಸಿರು ಕಿಲುಬು, ಅದರ ಮೇಲೆ ಇಂಗ್ಲೆಂಡಿನ ನಾರ್ಫೋಕ್‌ನ ಹೊಲದ ಮಣ್ಣು. ಎಡಗೈ ಮೊಣಕೈಯಿಂದಾಚೆ ಮುರಿದು ಹೋಗಿತ್ತು. ಬಲಗೈ ಮಾತ್ರ ನೇರವಾಗಿ ಚಾಚಿಕೊಂಡೇ ಇತ್ತು, ಅಂಗೈಯಲ್ಲಿ ಒಂದು ತೂತು. ಯೇಸುವಿನ ಮೂರ್ತಿ, ಯಾವುದೋ ಶಿಲುಬೆಯಿಂದ ಕಿತ್ತು ಬಂದದ್ದು ಅಂತ ಆ ತೂತು ನೋಡಿದಾಗಲೇ ಗೊತ್ತಾಯಿತು. ಆದರೆ ಯಾವ ಕಾಲದ್ದು? ಅದು ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಹಿಡಿದವು.

ನಾನು ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ ಆಯಿತು. ಮೆಟಲ್ ಡಿಟೆಕ್ಟರ್ ಹುಚ್ಚು ಹಿಡಿಸಿದ್ದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರು. ಅಮ್ಮನಿಗೆ ಮೊದಲು ಇದು ಹಿಡಿಸಲೇ ಇಲ್ಲ. "ನಿಧಿ ಹುಡುಕೋಕೆ ಹೋಗ್ತೀಯಾ?" ಅಂತ ಕೇಳಿದ್ದಳು. ಅವಳ ಹೆದರಿಕೆಗೆ ಕಾರಣ ಇತ್ತು. ನಮ್ಮದು ತರೀಕೆರೆ ಕಡೆ. ಚಿಕ್ಕವನಿದ್ದಾಗ ನಮ್ಮೂರ ಹತ್ತಿರದ ಒಂದು ಪಾಳು ಗುಡಿಯಲ್ಲಿ ಯಾರೋ ರಾತ್ರಿ ಬಂದು ನಂದಿಯನ್ನು ಉರುಳಿಸಿ, ಕೆಳಗೆ ಆಳು ಮಟ್ಟ ಅಗೆದು ಹೋಗಿದ್ದರು. ಬೆಳಿಗ್ಗೆ ಊರಿನವರೆಲ್ಲ ಆ ಗುಂಡಿಯ ಸುತ್ತ ಸುಮ್ನೆ ನಿಂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಧಿ ಅಂದರೆ ನಮ್ಮ ಮನೆಯಲ್ಲಿ ಕೆಟ್ಟ ಮಾತು.

ಇಲ್ಲಿನ ಕ್ರಮ ಬೇರೆ ಅಂತ ಅವಳಿಗೆ ಬಿಡಿಸಿ ಹೇಳಬೇಕಾಯಿತು. ಹೊಲದ ಮಾಲೀಕರ ಒಪ್ಪಿಗೆ ಇಲ್ಲದೆ ಕಾಲಿಡುವ ಹಾಗಿಲ್ಲ. ಸರ್ಕಾರ ಪಟ್ಟಿ ಮಾಡಿ ಕಾಯ್ದಿಟ್ಟ ಪ್ರಾಚೀನ ಜಾಗಗಳಲ್ಲಿ ಅನುಮತಿ ಪತ್ರ ಇಲ್ಲದೆ ಡಿಟೆಕ್ಟರ್ ಆಡಿಸಿದರೆ ಅಪರಾಧ. 1996ರ ನಿಧಿ ಕಾಯ್ದೆಯ ಪ್ರಕಾರ 300 ವರ್ಷಕ್ಕಿಂತ ಹಳೆಯದಾಗಿ, ನೂರಕ್ಕೆ ಹತ್ತು ಭಾಗವಾದರೂ ಚಿನ್ನ ಅಥವಾ ಬೆಳ್ಳಿ ಇರುವ ವಸ್ತು ಸಿಕ್ಕರೆ 14 ದಿನದೊಳಗೆ ತಿಳಿಸಲೇಬೇಕು. ತಾಮ್ರದ ಒಂಟಿ ಮೂರ್ತಿಗೆ ಸಾಮಾನ್ಯವಾಗಿ ಆ ಬಲವಂತ ಇಲ್ಲ. ಆದರೂ ತೋರಿಸಿ ಬರೆಸಬಹುದು. ಅದಕ್ಕೆಂದೇ ಬ್ರಿಟಿಷ್ ಮ್ಯೂಸಿಯಂ ನಡೆಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಇದೆ. ಜನಸಾಮಾನ್ಯರಿಗೆ ಸಿಕ್ಕ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ಅದರ ದಾಖಲೆಯಲ್ಲಿವೆ, ಯಾರು ಬೇಕಾದರೂ ನೋಡಬಹುದು.

ಆ ದಿನ ಸೆಪ್ಟೆಂಬರ್ ತಿಂಗಳ ಒಂದು ಶನಿವಾರ. ಗೋಧಿ ಕೊಯ್ದು, ಕೂಳೆಯನ್ನೂ ಉತ್ತು ಮಗುಚಿದ್ದರು. ಬೆಳಿಗ್ಗೆಯಿಂದ ಸಿಕ್ಕಿದ್ದು ಬಂದೂಕಿನ ತೋಟಾದ ತುದಿಗಳು, ಟ್ರಾಕ್ಟರಿನ ಒಂದು ನಟ್ಟು, ಅಷ್ಟೇ. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಕಡೆ ಯಂತ್ರ ಗಟ್ಟಿಯಾಗಿ, ತಡವರಿಸದೆ ಕೂಗಿತು. ಒಂದು ಗೇಣು ಆಳಕ್ಕೆ ಅಗೆದೆ. ಮಣ್ಣಿನ ಹೆಂಟೆ ಒಡೆದಾಗ ಮೊದಲು ಕಂಡಿದ್ದು ಎರಡು ಪುಟ್ಟ ಪಾದ.

ಆ ಪಾದಗಳೇ ಕೊನೆಗೆ ಉತ್ತರ ಹೇಳುತ್ತವೆ ಅಂತ ಆಗ ನನಗೆ ಹೊಳೆದಿರಲಿಲ್ಲ.

ಜೊತೆಗಿದ್ದ ಹಿರಿಯರು ನೋಡಿ, 19ನೇ ಶತಮಾನದ್ದು ಇರಬಹುದು ಅಂದರು. ಆ ಕಾಲದಲ್ಲಿ ಜಪಮಾಲೆಗೆ, ಗೋಡೆಗೆ ಹಾಕುವ ಶಿಲುಬೆಗೆ ಅಂತ ಇಂಥವನ್ನು ಅಚ್ಚಿನಲ್ಲಿ ರಾಶಿ ರಾಶಿ ಮಾಡುತ್ತಿದ್ದರು. ಹೊಲಗಳಲ್ಲಿ ಅವು ಜಾಸ್ತಿ ಸಿಗುತ್ತವೆ. ನನಗೂ ಹಾಗೇ ಅನ್ನಿಸಿತು. ಆದರೆ ಮನೆಗೆ ಬಂದು ದೀಪದ ಕೆಳಗೆ ಹಿಡಿದಾಗ ಸೊಂಟದ ಬಟ್ಟೆಯ ನಿರಿಗೆಯ ಸಂದಿಯಲ್ಲಿ ಒಂದು ಸಾಸಿವೆ ಕಾಳಿನಷ್ಟು ನೀಲಿ ಕಂಡಿತು. ಕಿಲುಬಿನ ನೀಲಿ ಅಲ್ಲ, ಗಾಜಿನ ನೀಲಿ. ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಚಿನ್ನದ ಬಣ್ಣ. ಅಮ್ಮನಿಗೆ ಕಾಲ್ ಮಾಡಿದ್ದು ಆಗಲೇ.

ನಮ್ಮ ದೇವರ ಮನೆಯ ಅಂಬೆಗಾಲು ಕೃಷ್ಣನ ಮೂಗು ಮೂರು ತಲೆಮಾರಿನ ಹುಣಸೆಹಣ್ಣಿಗೆ ಸವೆದು ಹೋಗಿದೆ. ಪೂಜೆಯಲ್ಲಿರುವ ಮೂರ್ತಿ ಸವೆಯುವುದು ಚಂದವೇ, ಅದು ದಿನಾ ಯಾರೋ ಮುಟ್ಟಿದ ಗುರುತು. ಮಣ್ಣಿನಿಂದ ಬಂದದ್ದರ ಕಥೆ ಬೇರೆ. ಹುಳಿ ತಾಗಿದರೆ ಕಿಲುಬಿನ ಜೊತೆ ಆ ಚೂರು ಚಿನ್ನವೂ, ಗಾಜೂ ಎದ್ದು ಹೋಗಬಹುದು. ಆಮೇಲೆ ಯಾರೂ ಏನೂ ಹೇಳಲಾರರು. ನೀರೂ ಮುಟ್ಟಿಸದೆ, ಮಣ್ಣಿನ ಸಮೇತ ಒಂದು ಡಬ್ಬಿಯಲ್ಲಿಟ್ಟೆ. ಸಿಕ್ಕ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿಕೊಂಡಿದ್ದೆ, ಅದನ್ನು ಚೀಟಿಯಲ್ಲಿ ಬರೆದು ಡಬ್ಬಿಯೊಳಗೇ ಹಾಕಿದೆ.

ಇಂಥ ವಸ್ತುಗಳನ್ನು ನೋಡಿ ಬರೆದಿಡಲು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಅಧಿಕಾರಿಗಳು ಇರುತ್ತಾರೆ. ನಾನು ಕೊಟ್ಟಿದ್ದು ಒಬ್ಬ ಮಹಿಳೆಯ ಕೈಗೆ. ಅವರು ಮುಖ ನೋಡಲಿಲ್ಲ, ಬೆನ್ನು ನೋಡಲಿಲ್ಲ. ಸೀದಾ ಪಾದ ನೋಡಿದರು. "ಎರಡು ಪಾದ, ಎರಡು ಮೊಳೆ" ಅಂದರು.

ಅವರು ವಿವರಿಸಿದ್ದು ಇಷ್ಟು. ಹಳೆಯ ಶಿಲುಬೆಗಳಲ್ಲಿ ಯೇಸುವಿನ ಪಾದಗಳು ಅಕ್ಕಪಕ್ಕ ಇರುತ್ತವೆ, ಒಂದೊಂದಕ್ಕೂ ಬೇರೆ ಮೊಳೆ. ಕೈಯದೂ ಸೇರಿ ಒಟ್ಟು ನಾಲ್ಕು. 13ನೇ ಶತಮಾನ ಮುಂದುವರಿದ ಹಾಗೆ ಒಂದು ಪಾದದ ಮೇಲೆ ಇನ್ನೊಂದನ್ನು ಇಟ್ಟು ಒಂದೇ ಮೊಳೆ ಹೊಡೆದ ರೂಪ ಬಳಕೆಗೆ ಬಂತು, ಆಮೇಲೆ ಅದೇ ಉಳಿಯಿತು. ಜೊತೆಗೆ ನಮ್ಮ ಮೂರ್ತಿಯ ತಲೆ ಮೇಲೆ ಮುಳ್ಳಿನ ಕಿರೀಟ ಇಲ್ಲ, ರಾಜನ ಕಿರೀಟ ಇದೆ. ಕೈಗಳು ಜೋತು ಬಿದ್ದಿಲ್ಲ. ಬಟ್ಟೆ ಮೊಣಕಾಲಿನವರೆಗೆ ಇಳಿದಿದೆ, ನಮ್ಮ ಕಡೆ ಮೇಲೆತ್ತಿ ಕಟ್ಟಿದ ಪಂಚೆಯ ಹಾಗೆ. ನೋವಿನಲ್ಲಿ ಬಾಗಿದ ಯೇಸು ಆಮೇಲಿನ ಕಾಲದವನು. ಇವನು ಶಿಲುಬೆಯ ಮೇಲೆ ನೆಟ್ಟಗೆ ನಿಂತ ಅರಸ.

ನೀಲಿ ಗಾಜು ಊರನ್ನೂ ಹೇಳಿತು. ಫ್ರಾನ್ಸಿನ ಲಿಮೋಜ್. ತಾಮ್ರದಲ್ಲಿ ಸಣ್ಣ ಗುಳಿ ಕೊರೆದು, ಅದಕ್ಕೆ ಗಾಜಿನ ಪುಡಿ ತುಂಬಿ, ಬೆಂಕಿಯಲ್ಲಿ ಕರಗಿಸಿ ಎನಾಮಲ್ ಮಾಡುವುದರಲ್ಲಿ ಆ ಊರು 12 ಮತ್ತು 13ನೇ ಶತಮಾನದಲ್ಲಿ ಯುರೋಪಿಗೇ ಹೆಸರಾಗಿತ್ತು. 1170ರಲ್ಲಿ ಕ್ಯಾಂಟರ್ಬರಿಯಲ್ಲಿ ಕೊಲೆಯಾದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಅವಶೇಷ ಇಡುವ ಪೆಟ್ಟಿಗೆಗಳನ್ನೂ ಅಲ್ಲೇ ಮಾಡುತ್ತಿದ್ದರು. ಚಿನ್ನವನ್ನು ಪಾದರಸದಲ್ಲಿ ಕಲಸಿ, ತಾಮ್ರಕ್ಕೆ ಬಳಿದು, ಕಾಯಿಸಿ ಪಾದರಸ ಹಾರಿಹೋಗುವ ಹಾಗೆ ಮಾಡಿದರೆ ಚಿನ್ನ ಮಾತ್ರ ಹಿಡಿದು ಕೂರುತ್ತದೆ. ನನಗೆ ಕಂಡ ಆ ಎಳೆ ಅದೇ.

ಅವರು ಕೊಟ್ಟ ಕಾಲ ಸುಮಾರು 1200ರಿಂದ 1250. ಹೊಲದ ಮೇಲ್ಮಣ್ಣು ನೂರಾರು ಸಲ ಉತ್ತು ಮಗುಚಿದ್ದು, ಅಲ್ಲಿ ಪದರ ನೋಡಿ ಕಾಲ ಹೇಳಲು ಆಗುವುದಿಲ್ಲ. ಲೋಹಕ್ಕೆ ಕಾರ್ಬನ್ ಪರೀಕ್ಷೆಯೂ ನಡೆಯುವುದಿಲ್ಲ. ಉಳಿಯುವುದು ಶೈಲಿ ಒಂದೇ. ಮೈತುಂಬ ಒಡವೆ ಹೊತ್ತ ಮೂರ್ತಿ ನೋಡಿದ ಕೂಡಲೇ ನಮ್ಮವರು ಹೊಯ್ಸಳರದ್ದು ಅನ್ನುತ್ತಾರಲ್ವಾ, ಅದೇ ಕಣ್ಣು ಇದು. ನಮ್ಮನೆಗೆ ಹತ್ತಿರದ ಅಮೃತಾಪುರದ ದೇವಸ್ಥಾನ ವೀರ ಬಲ್ಲಾಳನ ಕಾಲದ್ದು, 1196ರದ್ದು. ಅಲ್ಲಿ ಕಲ್ಲು ಕೆತ್ತಿದವರಿಗೂ ಲಿಮೋಜ್‌ನಲ್ಲಿ ಈ ನಿರಿಗೆ ಕೊರೆದವನಿಗೂ ಹೆಚ್ಚೆಂದರೆ ಎರಡು ತಲೆಮಾರಿನ ಅಂತರ. ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಆಮೇಲೆ, "ಆ ಕೈ ಯಾರು ಮುರಿದ್ರಂತೆ?" ಅಂತ ಕೇಳಿದಳು.

ಅದಕ್ಕೆ ಒಂದೇ ಉತ್ತರ ಇಲ್ಲ. ನೇಗಿಲು ತಾಗಿರಬಹುದು. ಇನ್ನೊಂದು ದಾರಿಯೂ ಇದೆ. ನಾರ್ಫೋಕ್‌ನಲ್ಲಿ ಮಧ್ಯಯುಗದ ಚರ್ಚುಗಳು ಇವತ್ತಿಗೂ 600ಕ್ಕೂ ಹೆಚ್ಚು ಉಳಿದಿವೆ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಕಾಲದಲ್ಲಿ ಮಠಗಳನ್ನು ಮುಚ್ಚಿಸಿದರು. ಇದೇ ಕೌಂಟಿಯ ವಾಲ್ಸಿಂಗ್‌ಹ್ಯಾಮ್‌ನ ಯಾತ್ರಾಸ್ಥಳ ಹಾಳಾದದ್ದು 1538ರಲ್ಲಿ. ಅವನ ಮಗನ ಆಳ್ವಿಕೆಯಲ್ಲಿ, 1547ರಿಂದ, ಚರ್ಚುಗಳ ಒಳಗಿನ ಮೂರ್ತಿಗಳನ್ನೂ ತೆಗೆಸಿದರು. ಲೋಹದ್ದು ಬಹಳಷ್ಟು ಕುಲುಮೆಗೆ ಹೋಯಿತು. ಒಂದಷ್ಟು ಕಸದ ಜೊತೆ ಗೊಬ್ಬರವಾಗಿ ಹೊಲ ಸೇರಿರಬೇಕು. ನಮ್ಮೂರ ನಂದಿಯ ನೆನಪಾಗಿ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು.

ದಾಖಲೆ, ಫೋಟೋ ಎಲ್ಲ ಮುಗಿದು ಮೂರ್ತಿ ವಾಪಸ್ ಬಂತು. ನಾನು, ಹೊಲದ ಯಜಮಾನರು ಮೊದಲೇ ಒಪ್ಪಂದ ಮಾಡಿಕೊಂಡಿದ್ದೆವು, ಸಿಕ್ಕಿದ್ದರಲ್ಲಿ ಅರ್ಧರ್ಧ ಅಂತ. ಮಾರುವ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ. ಅವರ ಮನೆಯಲ್ಲೇ ಇರಲಿ ಅಂದೆ. ಆ ಹೊಲದಲ್ಲಿ ಅವರದು ನಾಲ್ಕನೇ ತಲೆಮಾರು.

ಮುರಿದ ಎಡಗೈ ಅಲ್ಲೇ ಎಲ್ಲೋ ಇರಬೇಕು. ಮೂರ್ತಿ ಸಿಕ್ಕ ಮರುವಾರವೇ ಹೋಗಿ ಸುತ್ತ ಹತ್ತು ಮೀಟರ್ ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಬಿತ್ತನೆ ಶುರುವಾಯಿತು. ಈಗ ಅಲ್ಲಿ ಗೋಧಿ ಮೊಣಕಾಲುದ್ದ ನಿಂತಿದೆ. ಆಗಸ್ಟ್‌ನಲ್ಲಿ ಕೊಯ್ಲಾಗುತ್ತಿದ್ದಂತೆ ಫೋನ್ ಮಾಡುತ್ತೇನೆ ಅಂದಿದ್ದಾರೆ ಯಜಮಾನರು. ಪ್ರತಿ ಭಾನುವಾರ ಅಮ್ಮನೂ ಕೇಳುತ್ತಾಳೆ, "ಕೊಯ್ಲು ಆಯ್ತಾ?"