ವಿಮಾನದ ತೂಕ ಇಳಿಯಿತು, ಬಿಲ್ ಇಳಿಯಲಿಲ್ಲ

"ತೂಕ ಇಳಿಸಿ ಐದು ತಿಂಗಳಾಯ್ತಲ್ಲ ಮಾರಾಯ, ಎಷ್ಟು ಉಳಿಯಿತು ಅಂತ ಒಂದು ಶೀಟ್ ಮಾಡಿ ಕೊಡು, ನಾಳೆ ಮೀಟಿಂಗ್ ಇದೆ" ಎಂದರು ನಮ್ಮ ಮ್ಯಾನೇಜರ್. ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತೆ. ಹತ್ತು ನಿಮಿಷ ಕೂಡ ಬೇಕಾಗಲಿಲ್ಲ. ಒಂದು ಯೂರೊ ಸಹ ಉಳಿದಿರಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಪುತ್ತೂರಿನ ಕಡೆಯವನು, ಶಾರ್ಜಾದಲ್ಲಿ ಒಂದು ಸಣ್ಣ ಕಾರ್ಗೊ ವಿಮಾನ ಕಂಪನಿಯ ಅಕೌಂಟ್ಸ್‌ನಲ್ಲಿದ್ದೇನೆ. ಕಂಪನಿಯ ಹೆಸರು ಬೇಡ. ಮ್ಯಾನೇಜರ್ ಕಾಸರಗೋಡಿನವರು, ಹಾಗಾಗಿ ಬೈಗುಳ ಕನ್ನಡದಲ್ಲೇ ಸಿಗುತ್ತದೆ, ಅದೊಂದು ಪುಣ್ಯ. ನನ್ನ ಮೇಜಿಗೆ ಬರುವುದು ನ್ಯಾವಿಗೇಶನ್ ಚಾರ್ಜಿನ ಬಿಲ್‌ಗಳು. ಅಂದರೆ ನಮ್ಮ ವಿಮಾನ ಇಳಿಯಲಿ, ಬರೀ ಮೇಲಿಂದ ಹಾರಿಹೋಗಲಿ, ಯಾವ ದೇಶಗಳ ಆಕಾಶದಲ್ಲಿ ಹಾರಿತೋ ಆ ದೇಶಗಳಿಗೆ ಕೊಡಬೇಕಾದ ದುಡ್ಡು. ಸೇರಿದ ಮೊದಲ ವಾರ ಆಪರೇಶನ್ಸ್‌ನವರು "ಟೆಹ್ರಾನ್ ಎಫ್‌ಐಆರ್‌ದು ಬಂತಾ, ಅಂಕಾರಾ ಎಫ್‌ಐಆರ್‌ದು ಬಂತಾ" ಎಂದು ಕೇಳುವಾಗ, ಇದೆಂಥ ಕಂಪನಿಗೆ ಬಂದು ಸೇರಿದೆ, ದೇಶಕ್ಕೊಂದು ಪೊಲೀಸ್ ಕೇಸ್ ಇದೆಯಲ್ಲ ಎಂದು ನಿಜವಾಗಿಯೂ ಹೆದರಿದ್ದೆ. ಅದು ಫ್ಲೈಟ್ ಇನ್ಫರ್ಮೇಶನ್ ರೀಜನ್. ಆಕಾಶವನ್ನು ಹಾಗೆ ಹಂಚಿಕೊಂಡಿದ್ದಾರೆ, ಆ ತುಂಡಿನೊಳಗೆ ಹೋಗುವ ವಿಮಾನವನ್ನು ನೋಡಿಕೊಳ್ಳುವುದು ಆಯಾ ದೇಶದ ಕಂಟ್ರೋಲರ್‌ಗಳ ಕೆಲಸ.

ಊರಿಗೆ ಹೋದಾಗ ಇದನ್ನೆಲ್ಲ ಭಾವನಿಗೆ ವಿವರಿಸಿದೆ. ಅವರಿಗೆ ಎರಡು ಲಾರಿ ಇವೆ, ಹೆಜಮಾಡಿ ಟೋಲಿನ ಮೇಲೆ ಸಿಟ್ಟೂ ಇದೆ. "ಆಕಾಶಕ್ಕೂ ಟೋಲಾ? ಅಲ್ಲಿ ರಸ್ತೆ ಹಾಕಿದವರು ಯಾರು?" ಎಂದರು. ಒಳ್ಳೆಯ ಪ್ರಶ್ನೆಯೇ. ವಿಮಾನಯಾನದ ಬಗ್ಗೆ ದೇಶಗಳೆಲ್ಲ ಮಾಡಿಕೊಂಡ 1944ರ ಶಿಕಾಗೊ ಒಪ್ಪಂದದಲ್ಲಿ ಇದಕ್ಕೆ ಉತ್ತರ ಇದೆ. ತನ್ನ ನೆಲದ ಮೇಲಿನ ಆಕಾಶ ಆಯಾ ದೇಶದ್ದೇ ಎನ್ನುತ್ತದೆ ಮೊದಲನೇ ವಿಧಿ. ಆದರೆ ಬರೀ ಹಾರಿಹೋಗುವ ಹಕ್ಕಿಗೆ ಅಂತ ದುಡ್ಡು ಕೇಳುವಂತಿಲ್ಲ ಎನ್ನುತ್ತದೆ 15ನೇ ವಿಧಿ. ಕೊಟ್ಟ ಸೇವೆಗೆ ಕೇಳಬಹುದು. ರಾಡಾರ್, ರೇಡಿಯೊ, ರಾತ್ರಿ ಎರಡು ಗಂಟೆಗೂ ಎದ್ದು ಕೂತ ಕಂಟ್ರೋಲರ್, ಇವುಗಳ ಖರ್ಚು. ಭಾರತದಲ್ಲಿ ಏರ್‌ಪೋರ್ಟ್ಸ್ ಅಥಾರಿಟಿ ಇದನ್ನೇ ಆರ್‌ಎನ್‌ಎಫ್‌ಸಿ (ರೂಟ್ ನ್ಯಾವಿಗೇಶನ್ ಫೆಸಿಲಿಟೀಸ್ ಚಾರ್ಜ್) ಎಂಬ ಹೆಸರಿನಲ್ಲಿ ವಸೂಲಿ ಮಾಡುತ್ತದೆ. ಎಲ್ಲರೂ ಈ ಗೆರೆಯೊಳಗೇ ಇದ್ದಾರೆ ಅಂತೇನಿಲ್ಲ. ಸೈಬೀರಿಯಾದ ಮೇಲೆ ಹಾರಲು ಯುರೋಪಿನ ಕಂಪನಿಗಳು ದಶಕಗಳ ಕಾಲ ರಷ್ಯಾದ ಏರೋಫ್ಲೋಟ್‌ಗೆ ಬೇರೆಯೇ ದುಡ್ಡು ಕೊಡುತ್ತಿದ್ದವು, ಇದು ಶಿಕಾಗೊ ಒಪ್ಪಂದಕ್ಕೆ ವಿರುದ್ಧ ಎಂದು ಯುರೋಪಿಯನ್ ಒಕ್ಕೂಟ ವರ್ಷಗಟ್ಟಲೆ ಜಗಳ ಮಾಡಿತ್ತು.

ಭಾವನ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು. "ಟೋಲ್ ತಪ್ಪಿಸಲು ನಮ್ಮ ಡ್ರೈವರ್‌ಗಳು ಒಳದಾರಿ ಹಿಡಿಯುತ್ತಾರೆ. ನಿಮ್ಮಲ್ಲಿ?" ನಮ್ಮಲ್ಲೂ ಇದೆ ಭಾವ! ಯುರೋಪಿನಲ್ಲಿ ದೇಶದಿಂದ ದೇಶಕ್ಕೆ ದರ ಬೇರೆ. ಮೊದಲೆಲ್ಲ ದೂರದ ಲೆಕ್ಕವನ್ನು ಫ್ಲೈಟ್ ಪ್ಲಾನಿನಲ್ಲಿ ಬರೆದ ದಾರಿಯ ಮೇಲೆ ಹಾಕುತ್ತಿದ್ದರು, ಹಾಗಾಗಿ ಕಾಗದದಲ್ಲಿ ಅಗ್ಗದ ದಾರಿ ಬರೆದು ಮೇಲೆ ಹೋದ ನಂತರ ಕಂಟ್ರೋಲರ್ ಕೊಟ್ಟ ನೇರ ದಾರಿಯಲ್ಲಿ ಹೋದರೂ ಬಿಲ್ ಬರುತ್ತಿದ್ದದ್ದು ಕಾಗದದ ದಾರಿಗೇ. 2020ರ ಜನವರಿಯಿಂದ ಅದು ನಿಂತಿತು. ಈಗ ನಿಜವಾಗಿ ಹಾರಿದ ದಾರಿಗೇ ಬಿಲ್. ಅಗ್ಗದ ದಾರಿ ಬೇಕಾದರೆ ಅದರಲ್ಲೇ ಹಾರಬೇಕು, ಸುತ್ತು ಜಾಸ್ತಿಯಾದರೆ ಉಳಿಸಿದ್ದೆಲ್ಲ ಇಂಧನಕ್ಕೆ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ, ಇದಿಲ್ಲದೆ ನನ್ನ ತಪ್ಪು ಅರ್ಥವಾಗುವುದಿಲ್ಲ. ನಮ್ಮ ಖಾಯಂ ದಾರಿ ಶಾರ್ಜಾದಿಂದ ಬೆಲ್ಜಿಯಂನ ಲಿಯೆಜ್. ಇರಾನ್ ದಾಟಿದ ಮೇಲೆ ಟರ್ಕಿ, ಬಲ್ಗೇರಿಯಾ, ರೊಮೇನಿಯಾ, ಹಂಗೇರಿ, ಆಸ್ಟ್ರಿಯಾ, ಜರ್ಮನಿ, ಬೆಲ್ಜಿಯಂ. ಇರಾನಿನದ್ದು ಬೇರೆ ಬಿಲ್. ಟರ್ಕಿಯಿಂದ ಆಚೆಗಿನದ್ದೆಲ್ಲ ಬ್ರಸೆಲ್ಸ್‌ನಲ್ಲಿರುವ ಯೂರೊಕಂಟ್ರೋಲ್ ಒಟ್ಟಿಗೆ ಸೇರಿಸಿ ತಿಂಗಳಿಗೊಂದು ಬಿಲ್ ಕಳಿಸುತ್ತದೆ, 40ಕ್ಕೂ ಹೆಚ್ಚು ದೇಶಗಳ ಪರವಾಗಿ. ನನ್ನಂಥವನಿಗೆ ಇದು ದೊಡ್ಡ ಉಪಕಾರ. ದೇಶಕ್ಕೊಬ್ಬರಿಗೆ ಮೇಲ್ ಬರೆಯುತ್ತಾ ಕೂತಿದ್ದರೆ ನಾನು ಯಾವತ್ತೋ ಊರಿಗೆ ಬಂದು ಅಡಿಕೆ ಸುಲಿಯುತ್ತಿದ್ದೆ.

ಲೆಕ್ಕದಲ್ಲಿ ಮೂರೇ ಅಂಕಿ. ಒಂದು, ಆ ದೇಶದ ಆಕಾಶಕ್ಕೆ ಹೊಕ್ಕ ಜಾಗದಿಂದ ಹೊರಬಿದ್ದ ಜಾಗಕ್ಕೆ ಇರುವ ನೇರ ದೂರವನ್ನು ಕಿಲೋಮೀಟರಿನಲ್ಲಿ ತೆಗೆದುಕೊಂಡು 100ರಿಂದ ಭಾಗಿಸಿದ್ದು. ಟೇಕಾಫ್ ಅಥವಾ ಲ್ಯಾಂಡಿಂಗ್ ಅಲ್ಲೇ ಆಗಿದ್ದರೆ ತಲಾ 20 ಕಿಲೋಮೀಟರ್ ಬಿಡುತ್ತಾರೆ. ಎರಡು, ವಿಮಾನದ ಗರಿಷ್ಠ ಟೇಕಾಫ್ ತೂಕವನ್ನು ಟನ್ನಿನಲ್ಲಿ ಹಿಡಿದು 50ರಿಂದ ಭಾಗಿಸಿ ತೆಗೆದ ವರ್ಗಮೂಲ. ಮೂರು, ಆ ದೇಶದ ಯೂನಿಟ್ ರೇಟ್, ಅಂದರೆ ಆ ದೇಶಕ್ಕೆ ಗೊತ್ತುಮಾಡಿದ ದರ. ಮೂರನ್ನೂ ಗುಣಿಸಿದರೆ ಬಿಲ್. ವರ್ಗಮೂಲ ಇರುವುದರಿಂದ ತೂಕ ನಾಲ್ಕು ಪಟ್ಟಾದರೂ ಚಾರ್ಜು ಎರಡೇ ಪಟ್ಟು. ಎಲ್ಲ ಕಡೆ ಹೀಗೇ ಅಲ್ಲ. ಅಮೆರಿಕದಲ್ಲಿ ಇಳಿಯದೆ ಹಾರಿಹೋಗುವವರಿಗೆ ತೂಕದ ಮಾತೇ ಇಲ್ಲ, ದೂರ ಮಾತ್ರ, ಅದೂ ನಾಟಿಕಲ್ ಮೈಲಿನಲ್ಲಿ.

ಇಲ್ಲಿ ಗಮನಿಸಬೇಕಾದ್ದು, ಈ ತೂಕ ಆ ದಿನ ವಿಮಾನದಲ್ಲಿ ಎಷ್ಟಿತ್ತು ಎಂಬುದಲ್ಲ. ಸರ್ಟಿಫಿಕೇಟಿನಲ್ಲಿ ಎಷ್ಟಿದೆ ಎಂಬುದು. ಖಾಲಿ ಹಾರಿದರೂ ಅಷ್ಟೇ. ಭಾವನ ಲಾರಿಯ ಟೋಲೂ ಹಾಗೇ ಅಲ್ವಾ, ಖಾಲಿ ಲಾರಿಗೂ ಅಷ್ಟೇ ಕಟ್ಟಬೇಕು. ಹಾಗಾಗಿ ಕಂಪನಿಗಳು ಒಂದು ಉಪಾಯ ಮಾಡುತ್ತವೆ, ಕಾಗದದ ಮೇಲೆ ತೂಕ ಇಳಿಸುವುದು. ವಿಮಾನದಿಂದ ಒಂದು ಸ್ಕ್ರೂ ಕೂಡ ತೆಗೆಯುವುದಿಲ್ಲ. ತಯಾರಕರಿಂದ ಒಪ್ಪಿಗೆ ಪಡೆದು ಫ್ಲೈಟ್ ಮ್ಯಾನ್ಯುಯಲ್‌ನ ಹಾಳೆ ಬದಲಿಸಿದರೆ ಮುಗಿಯಿತು, ಮತ್ತೆ ಆ ತೂಕಕ್ಕಿಂತ ಜಾಸ್ತಿ ಹೇರಿಕೊಂಡು ಏಳುವಂತಿಲ್ಲ, ಅಷ್ಟೇ. ನಮ್ಮದು ಒಂದು ಬೋಯಿಂಗ್ 767, ಸುಮಾರು 187 ಟನ್ನಿನದ್ದು. ಆನ್‌ಲೈನ್ ಅಂಗಡಿಗಳ ಪಾರ್ಸೆಲ್ ತುಂಬುವ ದಾರಿ ಅದು. ಬಟ್ಟೆ, ಚಪ್ಪಲಿ, ಮೊಬೈಲ್ ಕವರ್. ತೂಕ ಆಗುವ ಮೊದಲೇ ಜಾಗ ತುಂಬುತ್ತದೆ. 187 ಟನ್ ಯಾರಿಗೆ ಬೇಕು, 175ಕ್ಕೆ ಇಳಿಸೋಣ ಎಂದು ತೀರ್ಮಾನವಾಯಿತು. ಟೆಕ್ನಿಕಲ್‌ನವರು ಹಾಳೆ ಬದಲಿಸಿದರು. ಲೋಡ್ ಕಂಟ್ರೋಲಿಗೆ ಹೇಳಿದರು. ಪೈಲಟ್‌ಗಳಿಗೆ ಹೇಳಿದರು.

ಬಿಲ್ ಕಳಿಸುವವರಿಗೆ ಯಾರೂ ಹೇಳಲಿಲ್ಲ.

ಅವರಿಗೆ ಹೇಳಬೇಕಾದವನು ನಾನು. ಯಾವ ವಿಮಾನ, ಯಾವ ರಿಜಿಸ್ಟ್ರೇಶನ್, ಎಷ್ಟು ತೂಕ ಎಂದು ಯೂರೊಕಂಟ್ರೋಲ್‌ಗೆ ನಾವೇ ಘೋಷಣೆ ಕೊಡಬೇಕು, ಬದಲಾದರೆ ತಿಳಿಸಬೇಕು. ಏನೂ ತಿಳಿಸದಿದ್ದರೆ ಆ ಮಾದರಿಯಲ್ಲಿ ಅತಿ ಭಾರದ ವಿಮಾನ ಯಾವುದಿದೆಯೋ ಅದರ ತೂಕ ಹಿಡಿದು ಬಿಲ್ ಮಾಡುತ್ತಾರೆ. ಟೆಕ್ನಿಕಲ್‌ನವರ ಮೇಲ್ ನನಗೂ ಸಿಸಿಯಲ್ಲಿ ಬಂದಿತ್ತು. ಸಬ್ಜೆಕ್ಟ್‌ನಲ್ಲಿ ಮ್ಯಾನ್ಯುಯಲ್ ರಿವಿಶನ್ ಎಂದಿತ್ತು. ಇದು ನನ್ನದಲ್ಲ ಎಂದು ಒಂದು ಫೋಲ್ಡರಿಗೆ ತಳ್ಳಿದ್ದೆ. ಆ ಫೋಲ್ಡರಿನ ಹೆಸರು "ಆಮೇಲೆ".

ಮ್ಯಾನೇಜರ್ ಶೀಟ್ ಕೇಳಿದ ದಿನ ಬಿಲ್ಲಿನ ತೂಕದ ಕಾಲಂ ನೋಡಿದೆ. 1.93, ಹಳೆಯ 187 ಟನ್ನಿಗೆ ಬರುವ ವರ್ಗಮೂಲ. ಹೊಸ ತೂಕಕ್ಕೆ 1.87 ಇರಬೇಕಿತ್ತು. ಎರಡರ ನಡುವೆ 0.06, ಕಣ್ಣಿಗೆ ಕಾಣದಷ್ಟು. ಆದರೆ ಟರ್ಕಿಯಿಂದ ಲಿಯೆಜ್‌ವರೆಗೆ ಸುಮಾರು 3,500 ಕಿಲೋಮೀಟರ್, ಅಂದರೆ 35. ಸರಾಸರಿ ದರ 50 ಯೂರೊ ಅಂತ ಸುಮ್ನೆ ಹಿಡಿಯಿರಿ, ಒಂದು ಕಡೆಗೆ 105 ಯೂರೊ, ಹೋಗಿ ಬಂದರೆ 210. ವಾರಕ್ಕೆ ನಾಲ್ಕು ಸಲ. ಐದು ತಿಂಗಳು. ಕ್ಯಾಲ್ಕುಲೇಟರಿನಲ್ಲಿ 18,000ದ ಹತ್ತಿರದ ಅಂಕಿ ಬಂದಾಗ ಒಮ್ಮೆ ಅಳಿಸಿ ಮತ್ತೆ ಒತ್ತಿದೆ. ಅದೇ ಬಂತು.

ಕ್ಯಾಬಿನ್ ಒಳಗೆ ಹೋಗಿ ಹೇಳಿದೆ. "ಸರ್, ಉಳಿತಾಯ ಸೊನ್ನೆ. ನಾನು ತೂಕ ತಿಳಿಸಿಲ್ಲ." ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ವಾಪಸ್ ಕೇಳಲು ಆಗುತ್ತದಾ?" ಬಿಲ್ಲಿನ ಮೇಲೆ ತಕರಾರು ಹಾಕಲು ಬಿಲ್ಲಿನ ತಾರೀಖಿನಿಂದ 60 ದಿನ ಸಮಯ ಇರುತ್ತದೆ, ತಕರಾರು ಹಾಕಿದೆ ಎಂದು ದುಡ್ಡು ತಡೆಹಿಡಿಯುವ ಹಾಗೂ ಇಲ್ಲ. ಮೊದಲ ತಿಂಗಳುಗಳ ಬಿಲ್‌ಗಳಿಗೆ ಆ ಸಮಯ ಮೀರಿತ್ತು. ಉಳಿದವುಗಳಿಗೂ ತಕರಾರು ಅಂತ ಏನನ್ನು ಬರೆಯಲಿ? ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾವು ಕೊಟ್ಟಿದ್ದ ತೂಕಕ್ಕೆ ಸರಿಯಾಗಿ ಗುಣಿಸಿದ್ದರು. ಆ ದಿನವೇ ಹೊಸ ಹಾಳೆಗಳನ್ನು ಕಳಿಸಿದೆ, ಮುಂದಿನ ಹಾರಾಟಗಳಿಗೆ 1.87 ಬಂತು. ಹಿಂದಿನದ್ದು ಹೋಯಿತು.

ಮ್ಯಾನೇಜರ್ ಜಾಸ್ತಿ ಬೈಯಲಿಲ್ಲ. ಕೇಳಿದ್ದು ಒಂದೇ. "ಐದು ತಿಂಗಳು ನೀನು ಬಿಲ್ಲಿನಲ್ಲಿ ಏನು ನೋಡುತ್ತಿದ್ದೆ?" ನಿಜ ಹೇಳಬೇಕೆಂದರೆ, ಕೊನೆಯ ಸಾಲಿನ ಮೊತ್ತ ಹೋದ ತಿಂಗಳಿನ ಹತ್ತಿರ ಇದೆಯಾ ಎಂದು ಮಾತ್ರ. ಹತ್ತಿರ ಇತ್ತು. ಹತ್ತಿರ ಇದ್ದದ್ದೇ ತಪ್ಪು ಅಂತ ಹೊಳೆಯಲಿಲ್ಲ.

ಈಗ ಬಿಲ್ ಬಂದ ಕೂಡಲೇ ಮೊತ್ತ ನೋಡುವುದಿಲ್ಲ. ಆಪರೇಶನ್ಸ್‌ನಿಂದ ಆ ತಿಂಗಳ ಹಾರಾಟದ ಪಟ್ಟಿ ತರಿಸಿಕೊಂಡು ಸಾಲು ಸಾಲು ಹೊಂದಿಸುತ್ತೇನೆ. ತಾರೀಖು, ಕಾಲ್‌ಸೈನ್ (ರೇಡಿಯೊದಲ್ಲಿ ಆ ಹಾರಾಟವನ್ನು ಕರೆಯುವ ಹೆಸರು), ರಿಜಿಸ್ಟ್ರೇಶನ್, ಎಲ್ಲಿಂದ ಎಲ್ಲಿಗೆ. ಬೇಜಾರಿನ ಕೆಲಸ. ಆದರೆ ಎರಡನೇ ತಿಂಗಳಲ್ಲೇ ನಾವು ಹಾರದ ನಾಲ್ಕು ಹಾರಾಟ ಸಿಕ್ಕಿದವು. ಲೀಸಿಗೆ ತಂದು ವಾಪಸ್ ಕೊಟ್ಟಿದ್ದ ವಿಮಾನವದು, ಈಗ ಇನ್ಯಾರೋ ಓಡಿಸುತ್ತಿದ್ದಾರೆ, ನಮ್ಮ ಪಟ್ಟಿಯಿಂದ ತೆಗೆಸಿರಲಿಲ್ಲ. ಇದು 60 ದಿನದೊಳಗಿತ್ತು, ಹಸ್ತಾಂತರದ ಪತ್ರ ಕಳಿಸಿದೆ, ಕ್ರೆಡಿಟ್ ಬಂತು. 2025ರ ಜೂನ್‌ನಲ್ಲಿ ಇರಾನ್, ಇರಾಕ್ ಆಕಾಶ ಮುಚ್ಚಿ ನಮ್ಮ ವಿಮಾನ ಸೌದಿ, ಈಜಿಪ್ಟ್ ಸುತ್ತಿ ಹೋದಾಗಲೂ ಈ ಪಟ್ಟಿಯೇ ಕೈಹಿಡಿಯಿತು, ಯಾವ ದೇಶದ ಬಿಲ್ ಬರಬೇಕು ಯಾವುದು ಬರಬಾರದು ಎಂದು ಬರುವ ಮೊದಲೇ ಬರೆದಿಟ್ಟಿದ್ದೆ.

ಕೊಡದಿದ್ದರೆ ಏನು ಮಾಡುತ್ತಾರೆ ಎಂದೂ ಭಾವ ಕೇಳಿದ್ದರು. ಕೆಲವು ದೇಶಗಳಲ್ಲಿ ಬಾಕಿ ಇರುವ ಕಂಪನಿಯ ವಿಮಾನವನ್ನು ಇಳಿದ ಕಡೆಯೇ ತಡೆದು ನಿಲ್ಲಿಸಲು ಕಾನೂನಿದೆ. ಅದಕ್ಕೇ ಲೀಸಿಗೆ ಕೊಡುವವರು ಮೊದಲೇ ನಮ್ಮಿಂದ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಯೂರೊಕಂಟ್ರೋಲ್‌ನಲ್ಲಿ ನಮ್ಮ ಬಾಕಿ ಎಷ್ಟಿದೆ ಎಂದು ಅವರು ಯಾವಾಗ ಬೇಕಾದರೂ ಕೇಳಿ ನೋಡಬಹುದು ಎಂದು.

"ಆಮೇಲೆ" ಫೋಲ್ಡರ್ ಅಳಿಸಿದ್ದೇನೆ. ಅದರಲ್ಲಿ 212 ಮೇಲ್ ಇದ್ದವು. ಒಂದು ಶುಕ್ರವಾರ ಪೂರ್ತಿ ಕೂತು ಓದಿದೆ. ಮತ್ತೊಂದು ತೂಕದ ಹಾಳೆ ಸಿಕ್ಕಿತು, ಪುಣ್ಯಕ್ಕೆ ಅದು ಇನ್ನೂ ಸೇವೆಗೆ ಬಾರದ ವಿಮಾನದ್ದು.